ಬೀಗದ ಕೈ ತಗೊಳ್ಳೋ ಮೊದಲು ಮಣ್ಣು ನೋಡಿ

ಕೊಡಗಿನ ಸುಂಟಿಕೊಪ್ಪದ ಕಡೆ ರಸ್ತೆ ಬದಿಯಲ್ಲಿ ನಮ್ಮ ಕುಟುಂಬದ ಒಂದಿಷ್ಟು ಜಾಗ ಇತ್ತು. ಲಾರಿ, ಜೆಸಿಬಿ ರಿಪೇರಿ ಮಾಡುವ ಗ್ಯಾರೇಜಿಗೆ ವರ್ಷಗಟ್ಟಲೆ ಬಾಡಿಗೆಗೆ ಕೊಟ್ಟಿದ್ದೆವು. ಹನ್ನೊಂದು ತಿಂಗಳ ಕರಾರು, ಅದು ಮುಗಿದ ಹಾಗೆ ಇನ್ನೊಂದು. ಗ್ಯಾರೇಜಿನವರು ಬೇರೆ ಕಡೆ ಹೋಗುತ್ತೇವೆ ಎಂದಾಗ ಮಾರಿಬಿಡೋಣ ಅಂತ ಮನೆಯಲ್ಲಿ ತೀರ್ಮಾನವಾಯಿತು. ಕೊಳ್ಳಲು ಬಂದವರು ಜಾಣರು. ಕಾಗದ ನೋಡುವ ಮೊದಲು ಬಾವಿಯಿಂದ ಒಂದು ಕೊಡ ನೀರು ಸೇದಿದರು. ಮೇಲೆ ಬಣ್ಣ ಬಣ್ಣದ ಪೊರೆ, ಜೊತೆಗೆ ಡೀಸೆಲ್ ವಾಸನೆ.

ನಾನು ಮಡಿಕೇರಿಯಲ್ಲಿ ವಕೀಲಿ ಮಾಡುವವಳು. ಜಮೀನಿನ ಕೇಸುಗಳೇ ಜಾಸ್ತಿ. ಹಾಗಾಗಿ ಕಡತ ನನ್ನ ಕೈಗೆ ಬಂತು.

ಪಹಣಿಯಲ್ಲಿ ಏನೂ ಇರಲಿಲ್ಲ, ಇಸಿಯಲ್ಲೂ (ಋಣಭಾರ ಪ್ರಮಾಣಪತ್ರ) ಇರಲಿಲ್ಲ. ಅಡಮಾನ ಇದ್ದರೆ ಇಸಿ ಹೇಳುತ್ತದೆ. ನೆಲದೊಳಗೆ ಎಷ್ಟು ಎಂಜಿನ್ ಆಯಿಲ್ ಇಂಗಿದೆ ಅಂತ ಹೇಳುವ ಕಾಲಂ ಯಾವ ದಾಖಲೆಯಲ್ಲೂ ಇಲ್ಲ.

ಹಾಳು ಮಾಡಿದವರೇ ಸರಿ ಮಾಡುವ ಖರ್ಚು ಕೊಡಬೇಕು ಎನ್ನುವುದು ನಮ್ಮ ದೇಶದಲ್ಲಿ 1996ರಿಂದ ಗಟ್ಟಿಯಾದ ಮಾತು. ರಾಜಸ್ಥಾನದ ಬಿಚ್ಡಿ ಗ್ರಾಮದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿತು. ರಾಸಾಯನಿಕ ಕಾರ್ಖಾನೆಗಳ ಕೊಳೆ ಅಲ್ಲಿನ ಮಣ್ಣು, ಬಾವಿ ಎರಡನ್ನೂ ಕೆಡಿಸಿತ್ತು. ಆದರೆ ಮುಂದೇನಾಯಿತು ನೋಡಿ. 2011ರಲ್ಲೂ ಅದೇ ದುಡ್ಡಿನ ಸಲುವಾಗಿ ಅದೇ ಕೋರ್ಟ್ ಮತ್ತೆ ಆದೇಶ ಮಾಡಬೇಕಾಯಿತು. 37.385 ಕೋಟಿ ರೂಪಾಯಿ, ಅದರ ಮೇಲೆ ಶೇಕಡಾ 12 ಚಕ್ರಬಡ್ಡಿ. ಹೊಣೆ ಯಾರದು ಅನ್ನುವುದು ತೀರ್ಪಿನ ದಿನವೇ ಗೊತ್ತಾಗುತ್ತದೆ. ದುಡ್ಡು ಕೈಗೆ ಬರುವ ದಿನ ಬೇರೆ. ನಾನು ಈ ಕೆಲಸ ಪೂರ್ತಿ ಮಾಡಿದ್ದು ಈ ಎರಡನೇ ದಿನವನ್ನು ತಲೆಯಲ್ಲಿಟ್ಟುಕೊಂಡೇ.

ಮೊದಲು ಮಾಡಿದ್ದು ಬಾವಿಯ ನೀರು ಬಳಸುವುದನ್ನು ನಿಲ್ಲಿಸಿದ್ದು. ಕೆಳಗಿನ ಲೈನ್ ಮನೆಯವರು, ಅಂದರೆ ತೋಟದ ಕೆಲಸಗಾರರು, ಅದೇ ನೀರು ಕುಡಿಯುತ್ತಿದ್ದರು. ಯಾರು ಕೊಡಬೇಕು ಎಂಬ ವಾದ ಮುಗಿಯುವವರೆಗೆ ಅವರು ಕಾಯಲು ಆಗುತ್ತಾ? ಟ್ಯಾಂಕರ್ ನೀರು ತರಿಸಿದೆವು. ಪ್ರತಿ ಬಿಲ್ಲನ್ನೂ ಎತ್ತಿಟ್ಟೆ.

ಎರಡನೆಯದು, ಬೀಗದ ಕೈ. ಗ್ಯಾರೇಜಿನವರು ಕೀ ಕೊಟ್ಟು, ಡೆಪಾಸಿಟ್ ವಾಪಸ್ ತಗೊಂಡು ಹೊರಡುವ ತಯಾರಿಯಲ್ಲಿದ್ದರು. ನಾನು ಬೇಡವೆಂದೆ. ಪರಿಸರ ಸಂರಕ್ಷಣಾ ಕಾಯ್ದೆ, 1986ರ ಪ್ರಕಾರ ಜಾಗದ ವ್ಯವಹಾರ ಯಾರ ಹಿಡಿತದಲ್ಲಿದೆಯೋ ಅವರೇ ಅಧಿಭೋಗದಾರರು. ಅಪಾಯಕಾರಿ ತ್ಯಾಜ್ಯವನ್ನು ಸರಿಯಾಗಿ ನಿಭಾಯಿಸದೆ ಆದ ನಷ್ಟಕ್ಕೆ ಅಧಿಭೋಗದಾರರೇ ಹೊಣೆ ಅಂತ 2016ರ ನಿಯಮಗಳು ಹೇಳುತ್ತವೆ. ಬಳಸಿ ಬಿಟ್ಟ ಆಯಿಲ್ ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲೇ ಇದೆ. ಕೀ ಇಸ್ಕೊಂಡು ಸುಮ್ನೆ ಕೂತರೆ ನಾಳೆ ಹಿಡಿತ ನಮ್ಮದು. ಹಳೆಯ ಹೊಣೆ ಅವರಿಂದ ಪೂರ್ತಿ ಹೋಗುವುದಿಲ್ಲ ನಿಜ. ಆದರೆ ಅದನ್ನು ಸಾಬೀತು ಮಾಡುವ ಕಷ್ಟ ನಮ್ಮ ತಲೆಗೆ ಬರುತ್ತದೆ.

ಕರಾರಿನಲ್ಲಿ ಮಣ್ಣಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಅಂಥ ಕಡೆ ಆಸ್ತಿ ವರ್ಗಾವಣೆ ಕಾಯ್ದೆ, 1882ರ 108ನೇ ಕಲಂ ತಾನಾಗಿ ಕೈ ಹಿಡಿಯುತ್ತದೆ. ಬಾಡಿಗೆದಾರರು ಜಾಗವನ್ನು ತಗೊಂಡ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಸಹಜ ಸವಕಳಿ ಬಿಟ್ಟು. ಅವರಿಂದಲೋ ಅವರ ಕೆಲಸದವರಿಂದಲೋ ಕೆಟ್ಟಿದ್ದನ್ನು ತೋರಿಸಿ ನೋಟಿಸ್ ಕೊಟ್ಟರೆ 3 ತಿಂಗಳೊಳಗೆ ಸರಿ ಮಾಡಬೇಕು. ಕರಾರು ಮುಗಿಯುವ ಮೊದಲೇ ಆ ನೋಟಿಸ್ ಕೊಟ್ಟೆ. ಜಂಟಿ ಖಾತೆಯಾದ್ದರಿಂದ ಪಹಣಿಯಲ್ಲಿದ್ದ ಎಲ್ಲರ ಪರವಾಗಿ ಕೊಟ್ಟೆ. ಕೊಡಗಿನಲ್ಲಿ ಇದು ದೊಡ್ಡ ಕೆಲಸ. ತಲೆಮಾರುಗಳಿಂದ ಇಡೀ ಕುಟುಂಬಕ್ಕೆ ಸೇರಿದ ಜಮ್ಮಾ ಜಾಗವಾದರಂತೂ ಕುಟುಂಬದ ಹಿರಿಯರಾದ ಪಟ್ಟೇದಾರರಿಂದ ಹಿಡಿದು ಊರು ಬಿಟ್ಟವರ ತನಕ ಸಹಿ ಹುಡುಕಬೇಕು.

ಗ್ಯಾರೇಜಿನ ಮಾಲೀಕರ ಉತ್ತರ ನಿರೀಕ್ಷೆ ಮಾಡಿದ್ದೇ. "ಮೇಡಂ, ಒಂದು ಮಳೆಗಾಲ ಹೋದ್ರೆ ಎಲ್ಲ ತೊಳೆದು ಹೋಗುತ್ತೆ." ತೊಳೆದು ಹೋಗುವುದು ಎಲ್ಲಿಗೆ? ಇಳಿಜಾರಿನ ಜಾಗ. ಕೆಳಗೆ ಇನ್ನೊಬ್ಬರ ಗದ್ದೆ, ಆಮೇಲೆ ತೋಡು, ಆಮೇಲೆ ಹೊಳೆ. ಕೆಳಗಿನವರು ಪರಿಹಾರ ಕೇಳಿ ಹಸಿರು ನ್ಯಾಯಮಂಡಳಿಗೆ ಹೋಗಲು 5 ವರ್ಷದ ಅವಕಾಶ ಇದೆ. ಆಗ ನಾವಿಬ್ಬರೂ ಚೆನ್ನೈ ಪೀಠದ ಮುಂದೆ ನಿಂತಿರಬೇಕಾಗುತ್ತದೆ ಎಂದೆ. ಅವರು ಮಾತು ನಿಲ್ಲಿಸಿದರು.

ಇನ್ನು ಪರೀಕ್ಷೆ. ದುಡ್ಡಿನ ಲೆಕ್ಕ ಪೂರ್ತಿ ಇದರ ಮೇಲೆ ನಿಲ್ಲುತ್ತದೆ, ಆದ್ದರಿಂದ ಇಲ್ಲಿ ಅವಸರ ಮಾಡಬೇಡಿ. ಎಣ್ಣೆ ನೀರಿನ ಮೇಲೆ ತೇಲುತ್ತದೆ. ಪಂಪ್ ಹಾಕಿ ಬಾವಿಯ ತಳದ ನೀರು ಎತ್ತಿದರೆ ವರದಿ ಚೊಕ್ಕಟವಾಗಿ ಬರಬಹುದು. ಮೇಲ್ಪದರದ ನೀರೇ ಬೇಕು, ಅದೂ ಗಾಜಿನ ಬಾಟಲಿಯಲ್ಲಿ. ಬಾಯಿ ತನಕ ತುಂಬಿ, ಗಾಳಿ ಬಿಡದೆ ಮುಚ್ಚಿ, ಐಸ್ ಪೆಟ್ಟಿಗೆಯಲ್ಲಿಟ್ಟು ಕಳಿಸಬೇಕು. ಇಲ್ಲದಿದ್ದರೆ ಬೇಗ ಆವಿಯಾಗುವ ಬೆಂಜೀನ್‌ನಂಥವು ದಾರಿಯಲ್ಲೇ ಹಾರಿಹೋಗುತ್ತವೆ. ನಮ್ಮಲ್ಲಿ ಮಳೆಗಾಲಕ್ಕೆ ನೆಲದ ನೀರು ಮೇಲೇರಿ, ಬೇಸಿಗೆಗೆ ಕೆಳಗಿಳಿಯುತ್ತದೆ. ಎಣ್ಣೆಯೂ ಅದರ ಜೊತೆ ಏರಿ ಇಳಿದು ನಡುವಿನ ಮಣ್ಣಿಗೆಲ್ಲ ಮೆತ್ತಿಕೊಳ್ಳುತ್ತದೆ. ಹಾಗಾಗಿ ಮೇಲಿನ ಕಪ್ಪು ಮಣ್ಣು ಕೆರೆದು ಮುಗಿಯಿತು ಅನ್ನುವಂತಿಲ್ಲ. ಬೇರೆ ಬೇರೆ ಆಳದಿಂದ ಮಣ್ಣು ತೆಗೆಸಿದೆ. ಗ್ಯಾರೇಜಿನ ನೀರು ಹರಿಯದ ಮೇಲಿನ ದಿಬ್ಬದಿಂದಲೂ ತೆಗೆಸಿದೆ. ಈ ಜಾಗ ಮೊದಲು ಹೇಗಿತ್ತು ಅಂತ ತೋರಿಸಲು ನಮ್ಮ ಹತ್ತಿರ ಇದ್ದದ್ದು ಆ ಮಣ್ಣು ಮಾತ್ರ.

ಬಾಟಲಿಗಳನ್ನು ಗ್ಯಾರೇಜಿನವರ ಎದುರೇ ಸೀಲ್ ಮಾಡಿ ಸಹಿ ಹಾಕಿಸಿಕೊಂಡೆವು, ಒಂದು ಜೊತೆ ಅವರಿಗೂ ಕೊಟ್ಟೆವು. ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಕಳಿಸಿದೆವು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಖನಿಜ ತೈಲ 0.5 ಮಿಲಿಗ್ರಾಂ, ಸೀಸ 0.01 ಮಿಲಿಗ್ರಾಂ ದಾಟಬಾರದು. ನಮ್ಮ ಬಾವಿಯಲ್ಲಿ ಸೀಸ ಮಿತಿಯೊಳಗಿತ್ತು, ತೈಲ ಮಿತಿ ದಾಟಿತ್ತು.

ಇಂಥ ವರದಿ ಮಾತುಕತೆಗೆ ಸಾಕು. ಸರ್ಕಾರವೇ ಕೇಸು ಹಾಕುವುದಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅಧಿಕಾರಿ ಪರಿಸರ ಸಂರಕ್ಷಣಾ ಕಾಯ್ದೆಯ 11ನೇ ಕಲಂ ಹೇಳಿದ ಕ್ರಮದಲ್ಲೇ ಮಾದರಿ ತೆಗೆಯಬೇಕು. ಕ್ರಮ ತಪ್ಪಿದರೆ ಕೋರ್ಟಿನಲ್ಲಿ ಅದು ಸಾಕ್ಷಿಯಾಗಿ ನಿಲ್ಲುವುದಿಲ್ಲ. ಮಂಡಳಿಗೆ ನಾವೇ ಬರೆದು ತಿಳಿಸಿದೆವು. ಕೊಳ್ಳುವವರು ಹೆದರಿ ಓಡುತ್ತಾರೆ, ಬೇಡ ಎಂದು ಚಿಕ್ಕಪ್ಪ ಹೇಳಿದ್ದರು. ನನ್ನ ಪ್ರಕಾರ ಮುಚ್ಚಿಟ್ಟು ಮಾರುವುದೇ ಹೆಚ್ಚು ಅಪಾಯ. ಮಾಮೂಲಿ ಎಚ್ಚರಿಕೆಗೆ ಕಾಣದ ದೊಡ್ಡ ದೋಷ ಮಾರುವವರಿಗೆ ಗೊತ್ತಿದ್ದರೆ ಹೇಳಲೇಬೇಕು. ಹೇಳದಿದ್ದರೆ ಅದು ವಂಚನೆ ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ನೇರವಾಗಿ ಹೇಳುತ್ತದೆ.

ಜಗಳ ಬಂದದ್ದು ಎಷ್ಟು ಸ್ವಚ್ಛ ಮಾಡಿದರೆ ಸಾಕು ಅನ್ನುವುದರ ಮೇಲೆ. ಗ್ಯಾರೇಜಿನವರಿಗೆ ಅದು ವ್ಯಾಪಾರದ ಜಾಗ, ಕೊಳ್ಳುವವರಿಗೆ ಮನೆ ಕಟ್ಟುವ ಜಾಗ. ಮನೆಗೆ, ಬೆಳೆಗೆ ಬಳಸುವ ಮಣ್ಣಿಗೆ ಮಿತಿ ಬಿಗಿ, ಖರ್ಚೂ ಜಾಸ್ತಿ. ದಿಬ್ಬದ ಮಣ್ಣಿನ ವರದಿ ಮುಂದಿಟ್ಟು, ನೀವು ತಗೊಂಡದ್ದು ಇಂಥ ನೆಲ ಅಂತ ಹಿಡಿದು ಕೂತೆ. ಕೊನೆಗೆ ಮಣ್ಣು ತೆಗೆದು ಸಾಗಿಸುವ ಖರ್ಚು ಅವರದು, ಡೆಪಾಸಿಟ್ ಅದಕ್ಕೇ ಜಮಾ. ಪರೀಕ್ಷೆ, ಹೊಸ ಮಣ್ಣು ತುಂಬುವುದು ನಮ್ಮದು. ಟ್ಯಾಂಕರ್ ಬಿಲ್ ಅರ್ಧ ಅರ್ಧ. ಡೆಪಾಸಿಟ್ ನಮ್ಮ ಕೈಯಲ್ಲಿ ಇರದಿದ್ದರೆ ಅವರು ಮೇಜಿನ ಮುಂದೆ ಕೂರುತ್ತಲೇ ಇರಲಿಲ್ಲ ಅಂತ ಈಗಲೂ ಅನಿಸುತ್ತದೆ.

ಬೆಂಗಳೂರಿನಲ್ಲಿರುವ ದಾಯಾದಿಗಳದ್ದು ಇನ್ನೊಂದು ರಾಗ. "ಬಾಡಿಗೆ ನಮ್ಗೆ ಬಂದಿಲ್ಲ, ಖರ್ಚು ಯಾಕೆ ಅಕ್ಕಾ?" ಮಾತಿನಲ್ಲಿ ನ್ಯಾಯ ಇತ್ತು. ಮಾರಿದ ದುಡ್ಡಿನಿಂದ ಮೊದಲು ಖರ್ಚು ಕಳೆದು ಆಮೇಲೆ ಪಾಲು, ಬಾಡಿಗೆ ಪಡೆದ ಚಿಕ್ಕಪ್ಪನ ಪಾಲಿನಲ್ಲಿ ಸ್ವಲ್ಪ ಹೆಚ್ಚು ಕಡಿತ ಅಂತ ಕಾಗದದ ಮೇಲೆ ಬರೆದು ಮುಗಿಸಿದೆವು. ಚಿಕ್ಕಪ್ಪ ಕೆಲವು ದಿನ ನನ್ನ ಜೊತೆ ಮಾತಾಡಲಿಲ್ಲ.

ಮಣ್ಣನ್ನು ಬೇಸಿಗೆಯಲ್ಲಿ, ಕಾಫಿ ಹೂ ಬಿಡಿಸುವ ಹೂಮಳೆಗೆ ಮೊದಲೇ ತೆಗೆಸಿದೆ. ವಿಲೇವಾರಿಗೆ ಟನ್ ಲೆಕ್ಕದಲ್ಲಿ ದುಡ್ಡು ಕೊಡಬೇಕು. ಒದ್ದೆ ಮಣ್ಣಾದರೆ ನೀರಿನ ತೂಕಕ್ಕೂ ನಾವೇ ಕೊಟ್ಟ ಹಾಗಾಗುತ್ತದೆ. ಮಣ್ಣು ಹೋಗಿದ್ದು ನೆಲಮಂಗಲದ ಆಚೆ ದಾಬಸ್‌ಪೇಟೆಯಲ್ಲಿರುವ ವಿಲೇವಾರಿ ಘಟಕಕ್ಕೆ. ಲಾರಿ ಜೊತೆ ಫಾರಂ 10, ಅಂದರೆ ತ್ಯಾಜ್ಯ ಸಾಗಣೆಯ ದಾಖಲೆ, ಹೋಗಬೇಕು. ಅದರ ಪ್ರತಿ ಜೋಪಾನ. ಕಡಿಮೆ ದುಡ್ಡಿಗೆ ಎಲ್ಲಾದರೂ ಹಳ್ಳಕ್ಕೆ ಸುರಿದು ಬರುತ್ತೇನೆ ಎನ್ನುವವರು ಸಿಗುತ್ತಾರೆ. ಅಲ್ಲಿ ಸಿಕ್ಕಿಬಿದ್ದರೆ ಆ ಜಾಗದ ಹೊಣೆಯೂ ನಮಗೇ.

ಕ್ರಯಪತ್ರದಲ್ಲಿ ನಡೆದದ್ದನ್ನೆಲ್ಲ ಬರೆದೆ, ವರದಿಗಳನ್ನು ಜೊತೆಗೆ ಸೇರಿಸಿದೆ. ಮುಂದೆ ಹಳೆಯ ಎಣ್ಣೆ ಕಂಡರೆ ನಷ್ಟ ತುಂಬಿಕೊಡುತ್ತೇವೆ ಅಂತ ಬರೆದುಕೊಟ್ಟೆವು. ಆದರೆ ಬರೆದುಕೊಟ್ಟವರ ಜೇಬಿನಲ್ಲಿ ದುಡ್ಡಿಲ್ಲದಿದ್ದರೆ ಅಂಥ ಮಾತಿಗೆ ಬೆಲೆ ಇಲ್ಲ ಎಂದು ಕೊಳ್ಳುವವರ ವಕೀಲರು ಹಟ ಹಿಡಿದರು. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಕ್ರಯದ ಒಂದು ಭಾಗ ಬ್ಯಾಂಕಿನಲ್ಲಿ ಇಬ್ಬರ ಹೆಸರಿನ ಠೇವಣಿಯಾಗಿ ಕೂತಿತು. ಮಳೆಗಾಲ ಕಳೆದ ಮೇಲೆ ಬಾವಿಯ ವರದಿ ಸರಿ ಬಂದರೆ ಮಾತ್ರ ನಮಗೆ. ಸರಿ ಬಂತು, ದುಡ್ಡೂ ಬಂತು.

ಕೆಡಿಸಿದವರು ಯಾರು ಅಂತಲೇ ಗೊತ್ತಿಲ್ಲದಿದ್ದರೆ? 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳಿಗೆಂದೇ ನಿಯಮ ತಂದಿದೆ. ಶಂಕೆ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಕೊಡಬೇಕು, ಮಂಡಳಿ ಪರೀಕ್ಷೆ ಮಾಡಿ ಹೊಣೆಗಾರರನ್ನು ಹುಡುಕಬೇಕು. ಯಾರೂ ಸಿಗದಿದ್ದರೆ, ಸಿಕ್ಕವರಿಗೆ ಶಕ್ತಿ ಇಲ್ಲದಿದ್ದರೆ ಕೇಂದ್ರ, ರಾಜ್ಯ ಸೇರಿ ಖರ್ಚು ಹಾಕಬೇಕು. ಒಳ್ಳೆಯದೇ. ಆದರೆ ಒಂದು ಗ್ಯಾರೇಜಿನ ಬಾವಿ ಆ ಸರದಿಯಲ್ಲಿ ಯಾವಾಗ ಬರುತ್ತದೋ!

ಈಗ ತೋಟ ಕೊಳ್ಳುವವರು ಕಾಗದ ತಂದರೆ ಮೊದಲು ಹಳೆಯ ಗೋಡೌನ್ ಎಲ್ಲಿತ್ತು, ಔಷಧಿ ಕಲೆಸುತ್ತಿದ್ದ ಜಾಗ ಯಾವುದು ಅಂತ ಕೇಳುತ್ತೇನೆ. ಕಾಫಿಯ ಕಾಂಡ ಕೊರಕಕ್ಕೆ ಹಿಂದೆಲ್ಲ ಬಿಎಚ್‌ಸಿ, ಲಿಂಡೇನ್ ಎಂಬ ಕೀಟನಾಶಕಗಳನ್ನು ಬಳಸುತ್ತಿದ್ದರು. ಕಾಫಿ ಹಣ್ಣು ಸುಲಿದ ನೀರು ನಿಲ್ಲುವ ಪಲ್ಪರ್ ಗುಂಡಿಯ ವಾಸನೆ ಕಾಲ ಕಳೆದ ಹಾಗೆ ಹೋಗುತ್ತದೆ, ಈ ಔಷಧಿಗಳು ಮಣ್ಣಿನಿಂದ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಆ ಮೂಲೆಯ ಮಣ್ಣಿನ ವರದಿ ಬರುವ ತನಕ ಅಡ್ವಾನ್ಸ್ ಕೊಡಬೇಡಿ ಎನ್ನುತ್ತೇನೆ.