ಮರುವಿಚಾರಣೆಗೆ ತಡೆ ಬೇಕಾ? ಡೈರಿ ನಂಬರ್ ಒಂದೇ ಸಾಲದು

ನಾನು ಮುಂಬೈ ಫೋರ್ಟಿನಲ್ಲಿ ವಕೀಲರೊಬ್ಬರ ಗುಮಾಸ್ತ. ಊರು ಕಾರ್ಕಳದ ಕಡೆ, ಮನೆ ಡೊಂಬಿವಲಿ. ಹೋದ ಮಳೆಗಾಲದಲ್ಲಿ ಕ್ಯಾಂಟೀನ್ ನಡೆಸುವ ಅಣ್ಣನೊಬ್ಬರು ಕಾಗದದ ಕಟ್ಟು ಹಿಡಿದು ಬಂದರು. ಸೆಷನ್ಸ್ ಕೋರ್ಟ್ ಕೊಟ್ಟ ಶಿಕ್ಷೆಯನ್ನು ಹೈಕೋರ್ಟ್ ರದ್ದು ಮಾಡಿತ್ತು. ಆದರೆ ಬಿಡುಗಡೆ ಮಾಡಿರಲಿಲ್ಲ. ಮೊದಲ ವಿಚಾರಣೆ ಸರಿಯಾಗಿ ನಡೆದಿಲ್ಲ, ಮತ್ತೆ ನಡೆಸಿ ಎಂದಿತ್ತು. ಅಣ್ಣ ಸುಪ್ರೀಂ ಕೋರ್ಟಿಗೆ ಹೋದರು. "ದಿಲ್ಲಿಯಲ್ಲಿ ಕೇಸ್ ಹಾಕಿ ಆಯ್ತಲ್ಲ, ಡೈರಿ ನಂಬರೂ ಬಂತು" (ಅರ್ಜಿ ಬಂದಾಗ ಕೋರ್ಟ್ ಕಚೇರಿ ಕೊಡುವ ಸಂಖ್ಯೆ) ಅಂತ ಇಲ್ಲಿನ ತಾರೀಖಿಗೆ ಹೋಗಲೇ ಇಲ್ಲ. ವಾರಂಟ್ ಹೊರಟಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೇಲಿನ ಕೋರ್ಟಿಗೆ ಅರ್ಜಿ ಹಾಕಿದ ಮಾತ್ರಕ್ಕೆ ಕೆಳಗಿನ ಕೋರ್ಟ್ ನಿಲ್ಲುವುದಿಲ್ಲ. ತಡೆ (ಸ್ಟೇ) ಬೇಕು ಅಂತ ಬೇರೆಯಾಗಿ ಕೇಳಬೇಕು, ಆದೇಶ ಬರಹದಲ್ಲಿ ಬರಬೇಕು. ಹೈಕೋರ್ಟ್ ಆದೇಶದ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋಗಲು 90 ದಿನ ಇದೆ ನಿಜ. ಅಷ್ಟು ದಿನ ಕಾಯಬೇಡಿ. ಸೆಷನ್ಸ್ ಕೋರ್ಟಿನ ತಾರೀಖು ಅದಕ್ಕಿಂತ ಮೊದಲೇ ಬರಬಹುದು, ಅಲ್ವಾ?

ಮೊದಲು ಸೆಷನ್ಸ್ ಕೋರ್ಟಿನ ರೋಜನಾಮಾದ, ಅಂದರೆ ಪ್ರತಿ ತಾರೀಖಿಗೆ ನಡೆದದ್ದನ್ನು ಕೋರ್ಟ್ ಬರೆದಿಡುವ ದಾಖಲೆಯ, ಸರ್ಟಿಫೈಡ್ ಕಾಪಿಗೆ ಅರ್ಜಿ ಹಾಕಿ. ಮುಂದಿನ ತಾರೀಖು ಯಾವುದು, ಸಾಕ್ಷಿಗಳಿಗೆ ಸಮನ್ಸ್ ಹೋಯ್ತಾ ಅನ್ನುವುದೆಲ್ಲ ಅದರಲ್ಲಿರುತ್ತದೆ. ಸುಮ್ನೆ "ತುರ್ತು" ಎಂದು ಬರೆದರೆ ಯಾರೂ ಕೇಳುವುದಿಲ್ಲ. "ಇಂಥ ತಾರೀಖಿಗೆ ಮೊದಲ ಸಾಕ್ಷಿ ಬರುತ್ತಾನೆ" ಎಂದು ಕಾಗದ ಸಮೇತ ತೋರಿಸಿದರೆ ಜಡ್ಜ್ ಗಮನ ಕೊಡುತ್ತಾರೆ.

ಆಮೇಲೆ ಕಾರಣ. ನನ್ನ ಪ್ರಕಾರ ಇದೇ ಅರ್ಜಿಯ ಜೀವ. ಮಹಾರಾಷ್ಟ್ರದ್ದೇ ಆದ ಉಖಾ ಕೋಲ್ಹೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1963ರಲ್ಲಿ ಹೇಳಿದ್ದು ಇಂದಿಗೂ ಉಪಯೋಗಕ್ಕೆ ಬರುತ್ತದೆ. ಮರುವಿಚಾರಣೆ ಅಪರೂಪಕ್ಕೆ ಮಾತ್ರ. ಯಾಕೆಂದರೆ ಅದು ಹಿಂದಿನ ದಾಖಲೆಯನ್ನೇ ಅಳಿಸುತ್ತದೆ, ಮೊದಲ ಸಲ ಬಿಟ್ಟುಹೋದ ತೂತುಗಳನ್ನು ಮುಚ್ಚಲು ಪ್ರಾಸಿಕ್ಯೂಷನ್‌ಗೆ ಅವಕಾಶ ಕೊಡುತ್ತದೆ. ನಿಮ್ಮ ಅರ್ಜಿಯಲ್ಲೂ ಅದನ್ನೇ ಬಿಡಿಸಿ ಬರೆಯಬೇಕು. ಯಾವ ಸಾಕ್ಷಿ ಹಿಂದೆ ಏನು ಹೇಳಿದ್ದ, ಎಲ್ಲಿ ತಡವರಿಸಿದ, ಈಗ ಮತ್ತೆ ಕರೆದರೆ ಏನು ತಿದ್ದಿಕೊಳ್ಳುತ್ತಾನೆ. ಆತ ಒಮ್ಮೆ ತಿದ್ದಿಕೊಂಡರೆ, ನಾವು ಮುಂದೆ ದಿಲ್ಲಿಯಲ್ಲಿ ಗೆದ್ದರೂ ಕಳೆದದ್ದು ಪೂರ್ತಿ ವಾಪಸ್ ಬರುವುದಿಲ್ಲ.

ಪೂರ್ತಿ ತಡೆ ಸಿಗದಿದ್ದರೆ ಕಡಿಮೆಯದ್ದನ್ನು ಕೇಳಿ: ಸಾಕ್ಷಿ ವಿಚಾರಣೆಗೆ ಮಾತ್ರ ತಡೆ, ಅಥವಾ ಕೊನೆಯ ತೀರ್ಪು ಕೊಡಬಾರದು ಎಂದು. ಭ್ರಷ್ಟಾಚಾರ ತಡೆ ಕಾಯ್ದೆಯ ಕೇಸಾದರೆ ವಕೀಲರನ್ನು ಮೊದಲೇ ಕೇಳಿ. ಅದರ ಕಲಂ 19ರಲ್ಲಿ ತಡೆಗೇ ಅಡ್ಡಿ ಇದೆ. ಆರೋಪಿ ಜೈಲಿನಲ್ಲಿದ್ದರೆ ಎರಡು ಸಲ ಯೋಚಿಸಿ. ಕೇಸ್ ನಿಂತರೆ ಜೈಲುವಾಸ ಎಳೆಯುತ್ತದೆ. ಜಾಮೀನನ್ನೂ ಜೊತೆಗೇ ಕೇಳಬೇಕು.

ತಡೆ ಸಿಕ್ಕಿತೇ? ಆದೇಶದ ಪ್ರತಿಯನ್ನು ಪುರ್ಸಿಸ್ (ಕೋರ್ಟಿಗೆ ಬರೆದು ಕೊಡುವ ಹೇಳಿಕೆ) ಜೊತೆ ಸೆಷನ್ಸ್ ಕೋರ್ಟಿಗೆ ಕೊಡಿ, ರೋಜನಾಮಾದಲ್ಲಿ ಬರೆಸಿ. ಅಲ್ಲಿಯವರೆಗೆ ಪ್ರತಿ ತಾರೀಖಿಗೂ ಹೋಗಲೇಬೇಕು. ಆಗದಿದ್ದರೆ ವಕೀಲರಿಂದ ಹಾಜರಿ ಮಾಫಿ ಅರ್ಜಿ ಹಾಕಿಸಿ.

6 ತಿಂಗಳಾದರೆ ತಡೆ ತಾನಾಗಿ ಬೀಳುತ್ತದೆ ಎಂದು ಇನ್ನೂ ಕೆಲವರು ಹೇಳುತ್ತಾರೆ. 2018ರ ಆ ನಿಯಮವನ್ನು ಸುಪ್ರೀಂ ಕೋರ್ಟಿನ 5 ಜಡ್ಜ್‌ಗಳ ಪೀಠ 2024ರ ಫೆಬ್ರವರಿ 29ರಂದು ತೆಗೆದುಹಾಕಿತು. ಆದರೆ ಆದೇಶದಲ್ಲೇ "ಮುಂದಿನ ತಾರೀಖಿನವರೆಗೆ" ಎಂದಿದ್ದರೆ ಆ ದಿನಕ್ಕೇ ಮುಗಿಯಿತು, ಮುಂದುವರಿಸಿ ಎಂದು ಮತ್ತೆ ಕೇಳಬೇಕು.

ಆ ಅಣ್ಣ ಕೋರ್ಟಿಗೆ ಹಾಜರಾಗಿ ವಾರಂಟ್ ರದ್ದು ಮಾಡಿಸಿಕೊಂಡರು. ತಡೆ ಆಮೇಲೆ ಬಂತು. ಈಗ ಆದೇಶದ ಒಂದು ಝೆರಾಕ್ಸ್ ಅವರ ಮನೆಯಲ್ಲಿದೆ, ಇನ್ನೊಂದು ಕ್ಯಾಂಟೀನಿನ ಗಲ್ಲಾದಲ್ಲಿ.