ಯಾವ ಜನ್ಮದ ಪಾಪ ಅಂತ ಹುಡುಕೋದು ಬಿಟ್ಟೆ

ಮಗನಿಗೆ ಎರಡು ತುಂಬಿದರೂ ಕೂಡಲು ಬರಲಿಲ್ಲ. ಮಿದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬಾರದ ಸೆರೆಬ್ರಲ್ ಪಾಲ್ಸಿ ಅಂತ ಡಾಕ್ಟರು ಹೇಳಿದ ವಾರವೇ, ಗಂಗಾವತಿಯ ನಮ್ಮ ಓಣಿಯ ಹಿರಿಯಳೊಬ್ಬಳು ಕಟ್ಟೆ ಮೇಲೆ ಕೂತು, "ಹೋದ ಜನ್ಮದಾಗ ಏನ್ ಮಾಡಿದ್ದಿಯೋ ಏನೋ ತಂಗಿ, ಉಣ್ಣಬೇಕು" ಅಂದಳು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವತ್ತು ಸಂಜೆ ರೊಟ್ಟಿ ಪಲ್ಯ ಕಳಿಸಿದವಳೂ ಅವಳೇ. ಆದರೆ ಆ ಮಾತು ಕಾಲೊಳಗೆ ಮುರಿದ ಮುಳ್ಳಿನ ಹಾಗೆ ಉಳಿದುಬಿಟ್ಟಿತು.

ಆಮೇಲೆ ಒಂದೂವರೆ ವರ್ಷ ಹುಡುಕಿದ್ದೇ ಹುಡುಕಿದ್ದು. ಜಾತಕ ನೋಡುವವರೊಬ್ಬರು ಸರ್ಪಶಾಪ ಅಂದರು, ಇನ್ನೊಬ್ಬರು ಪಿತೃಶಾಪ. ಶಾಂತಿ ಮಾಡಿಸಿದೆವು, ಹರಕೆ ಕಟ್ಟಿದೆವು. ಈ ಓಡಾಟದಲ್ಲಿ ಮಗನ ಫಿಸಿಯೋಥೆರಪಿ ಎಷ್ಟೋ ವಾರ ತಪ್ಪಿತು. ಆ ಸಂಕಟ ನನಗೆ ಇವತ್ತಿಗೂ ಇದೆ.

ದಾರಿಗೆ ತಂದವರು ಮಾನ್ವಿಯಲ್ಲಿರುವ ನನ್ನ ಸೋದರಮಾವ. ಗೀತೆಯ ನಾಲ್ಕನೇ ಅಧ್ಯಾಯದ ಐದನೇ ಶ್ಲೋಕ ತೆಗೆಯಲು ಹೇಳಿದರು. ನನಗೂ ನಿನಗೂ ಎಷ್ಟೋ ಜನ್ಮ ಕಳೆದಿವೆ, ಅವೆಲ್ಲ ನನಗೆ ಗೊತ್ತು, ನಿನಗೆ ಗೊತ್ತಿಲ್ಲ ಅಂತ ಕೃಷ್ಣ ಅರ್ಜುನನಿಗೆ ಹೇಳುವ ಜಾಗ ಅದು. "ಅರ್ಜುನಗ ಗೊತ್ತಿಲ್ಲದ್ದು ಜಾತಕದವಗ ಹೆಂಗ ಗೊತ್ತಾತವ್ವಾ?" ಅಂದರು ಮಾವ. ನಾನು ಬಹಳ ಹೊತ್ತು ಅತ್ತೆ.

ಕರ್ಮದಲ್ಲಿ ಮೂರು ಬಗೆ ಅಂತ ಬಾಣದ ದೃಷ್ಟಾಂತ ಬಿಡಿಸಿ ಹೇಳಿದವರೂ ಅವರೇ. ಬತ್ತಳಿಕೆಯಲ್ಲಿರುವ ಬಾಣಗಳು ಸಂಚಿತ, ಅಂದರೆ ಕೂಡಿಟ್ಟ ಕರ್ಮ. ಬಿಲ್ಲಿನಿಂದ ಹೊರಟುಹೋದದ್ದು ಪ್ರಾರಬ್ಧ, ಈಗ ಉಣ್ಣುತ್ತಿರುವ ಕರ್ಮ, ಅದನ್ನು ಹಿಂದಕ್ಕೆ ಕರೆಯಲಾಗದು. ಈಗ ಹೂಡುತ್ತಿರುವುದು ಆಗಾಮಿ, ಮುಂದೆ ಫಲ ಕೊಡುವ ಕರ್ಮ. ನಾನು ಹಗಲೂ ರಾತ್ರಿ ಹೊರಟುಹೋದ ಬಾಣದ ಬೆನ್ನು ಹತ್ತಿದ್ದೆ, ಕೈಯಲ್ಲಿದ್ದದ್ದನ್ನು ನೋಡಿರಲೇ ಇಲ್ಲ.

ಅವತ್ತಿನಿಂದ ಬೆಳಿಗ್ಗೆ ತುಳಸಿಗೆ ನೀರು ಹಾಕಿ, ಮಗನ ಕಾಲಿಗೆ ಎಣ್ಣೆ ಹಚ್ಚಿ, ಡಾಕ್ಟರು ತೋರಿಸಿಕೊಟ್ಟ ವ್ಯಾಯಾಮ 40 ನಿಮಿಷ ಮಾಡಿಸುತ್ತೇನೆ. ಮುಗಿದ ಮೇಲೆ ಶ್ರೀಕೃಷ್ಣಾರ್ಪಣಮಸ್ತು ಅನ್ನುತ್ತೇನೆ. ಅದೇ ನನ್ನ ಪೂಜೆ. ರಾತ್ರಿ 'ಯಾಕೆ' ಅನ್ನೋದು ಬಂದು ಎದೆ ಮೇಲೆ ಕೂಡುತ್ತದೆ. ಓಡಿಸಲು ಹೋಗುವುದಿಲ್ಲ. ಎದ್ದು ಕೂತು, ನಾಳೆ ಅವನಿಗಾಗಿ ಮಾಡಬೇಕಾದ ಒಂದು ಕೆಲಸ ನೋಟ್‌ಬುಕ್ಕಿನಲ್ಲಿ ಬರೆದು ಮಲಗುತ್ತೇನೆ. ಬೂಟಿನ ಪಟ್ಟಿ ಹೊಲಿಸುವುದು, ಗೋಡೆಗೆ ಹಿಡಿಕೆ ಹಾಕಿಸುವುದು, ಇಂಥವೇ.

ಮಾನ್ವಿಯ ಹರಿದಾಸರಾದ ಜಗನ್ನಾಥದಾಸರ ಕಥೆ ಚಿಕ್ಕಂದಿನಿಂದ ಕೇಳಿದ್ದೆ, ಅರ್ಥವಾದದ್ದು ಈಗ. ಅವರು ದಾಸರಾಗುವ ಮೊದಲು ಶ್ರೀನಿವಾಸಾಚಾರ್ಯರೆಂಬ ಪಂಡಿತರಾಗಿದ್ದಾಗ ಹಿರಿಯ ಹರಿದಾಸರಾದ ವಿಜಯದಾಸರನ್ನು ಕಡೆಗಣಿಸಿ, ಹೊಟ್ಟೆಶೂಲೆಯ ನೆಪ ಹೇಳಿ ಅವರು ಕರೆದ ಊಟಕ್ಕೆ ಹೋಗಲಿಲ್ಲ. ಆ ಶೂಲೆ ನಿಜವಾಗಿಯೇ ಹತ್ತಿಕೊಂಡಿತು. ಕೊನೆಗೆ ವಿಜಯದಾಸರ ಶಿಷ್ಯ ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷ ಕೊಟ್ಟು ಉಳಿಸಿದರು ಅನ್ನುತ್ತದೆ ಪರಂಪರೆ. ಆ ಕಥೆಯಲ್ಲಿ ತಪ್ಪು ಕಣ್ಣೆದುರಿಗೇ ಇತ್ತು. 'ಮಾಡಿದ್ದುಣ್ಣಲಿ' ಅಂತ ಗೋಪಾಲದಾಸರು ಸುಮ್ಮನೆ ಕೂಡಬಹುದಿತ್ತು. ಕೂಡಲಿಲ್ಲ. ಇನ್ನೊಬ್ಬರ ನೋವಿಗೆ ಕರ್ಮದ ಲೆಕ್ಕ ಹೇಳುವವರಿಗೆಲ್ಲ ನಾನು ಈ ಕಥೆಯನ್ನೇ ಹೇಳುತ್ತೇನೆ.

ಒಂದು ಗುರುವಾರ ಮಗನನ್ನು ಎತ್ತಿಕೊಂಡು ಆನೆಗೊಂದಿಯಿಂದ ದೋಣಿಯಲ್ಲಿ, ಒಂಬತ್ತು ಯತಿಗಳ ವೃಂದಾವನಗಳಿರುವ (ಸಮಾಧಿಗಳಿರುವ) ನವವೃಂದಾವನಕ್ಕೆ ಹೋದೆವು. 1539ರಲ್ಲಿ ದೇಹ ಬಿಟ್ಟ ವ್ಯಾಸರಾಯರ ವೃಂದಾವನ ಅಲ್ಲಿದೆ. ಅವರೇ ಮತ್ತೆ ರಾಘವೇಂದ್ರರಾಗಿ ಬಂದು 1671ರಲ್ಲಿ ಮಂತ್ರಾಲಯದಲ್ಲಿ ವೃಂದಾವನಸ್ಥರಾದರು, ಅವರಿಬ್ಬರಿಗೂ ಹಿಂದಿನ ಜನ್ಮ ಪ್ರಹ್ಲಾದನದು ಅಂತ ನಾವು ನಂಬುತ್ತೇವೆ. ಆ ಪ್ರಹ್ಲಾದನ ಹುಟ್ಟೂ, ಶಂಕುಕರ್ಣನೆಂಬ ದೇವತೆಗೆ ಬ್ರಹ್ಮ ಕೊಟ್ಟ ಶಾಪದಿಂದಲೇ ಅನ್ನುತ್ತಾರೆ. ಆದರೆ ಪ್ರಹ್ಲಾದನನ್ನು ನೆನೆಸುವಾಗ ಯಾರೂ ಶಾಪವನ್ನು ಎತ್ತಿ ಆಡುವುದಿಲ್ಲ. ಪ್ರದಕ್ಷಿಣೆ ಮಾಡುತ್ತ ನನ್ನ ಮಗನ ಮುಖ ನೋಡಿದೆ. ಅಷ್ಟು ಚಿಕ್ಕ ಜೀವಕ್ಕೆ ಯಾಕೆ ಈ ಭಾರ ಅನ್ನೋದಕ್ಕೆ ನನಗಿನ್ನೂ ಉತ್ತರ ಸಿಕ್ಕಿಲ್ಲ, ಸಿಕ್ಕಿದೆ ಅಂತ ನಟಿಸುವುದೂ ಇಲ್ಲ.

ಹೋದ ತಿಂಗಳು ಫಿಸಿಯೋಥೆರಪಿ ಕೋಣೆಯ ಹೊರಗೆ ಸಿರಗುಪ್ಪ ಕಡೆಯ ಹುಡುಗಿಯೊಬ್ಬಳು ಕೂಸನ್ನು ತೊಡೆ ಮೇಲೆ ಹಾಕಿಕೊಂಡು, "ಅಕ್ಕಾ, ನಾ ಏನ್ ಪಾಪ ಮಾಡಿದ್ನೋ" ಅಂತ ಅಳುತ್ತಿದ್ದಳು. ಬಾಣದ ಮಾತು ನಾಲಗೆ ತುದಿಗೆ ಬಂದಿತ್ತು, ಹೇಳಲಿಲ್ಲ. "ಕೂಸು ಇಲ್ಲಿ ಕೊಡವ್ವಾ, ನೀ ಮೊದಲು ಚಹಾ ಕುಡದು ಬಾ" ಅಂದೆ.