ಸನ್ಹೇರೀಬ ಅನ್ನೋ ಹೆಸರು ನನ್ನ ಬಾಯಿಗೆ ಹತ್ತಿದ್ದು ಹೇಗೆ

ಆ ಭಾನುವಾರ ಚರ್ಚಿನಲ್ಲಿ ಬೈಬಲ್ ಓದುವ ಸರದಿ ನನ್ನದು. ಎರಡನೆಯ ಅರಸುಗಳು, 18ನೇ ಅಧ್ಯಾಯ. 13ನೇ ವಚನದಲ್ಲಿ ಈಗಿನ ಇರಾಕ್ ಕಡೆಯ ಹಳೇ ರಾಜ್ಯ ಅಸ್ಸೀರಿಯದ ಅರಸ ಸನ್ಹೇರೀಬ ಬಂದ, ನಾಲಿಗೆ ಮುಗ್ಗರಿಸಿತು. ಏನೋ ‘ಸನ್ನೇರಿಬ’ ಅಂತ ಗೊಣಗಿ ಮುಂದೆ ಹೋದೆ. ಹೊರಗೆ ಬಂದಾಗ ಒಬ್ಬ ಹುಡುಗ ಹಿಡಿದುಕೊಂಡ: “ಅಂಕಲ್, ಅದು ಸೆನ್ಯಾಕರಿಬ್ ಅಲ್ವಾ?”

ಒಂದು ವಾರ ಸುಮ್ನೆ ಗಿಳಿಪಾಠ ಮಾಡಿದೆ. ನಿಲ್ಲಲಿಲ್ಲ. ಅರ್ಥ ಗೊತ್ತಿಲ್ಲದ ಹೆಸರು ನಾಲಿಗೆ ಮೇಲೆ ಎಷ್ಟು ಹೊತ್ತು ನಿಂತೀತು? ಆಮೇಲೆ ಆ ಅರಸನ ಸ್ವಂತ ಭಾಷೆಯಾದ ಅಕ್ಕಾಡಿಯನ್‌ನಲ್ಲಿ ಅದು ಹೇಗಿತ್ತು ಅಂತ ಹುಡುಕಿದೆ. ಸೀನ್-ಅಹ್ಹೇ-ಎರೀಬ. ಮೂರು ಪದ, ಪೂರ್ತಿ ಒಂದು ವಾಕ್ಯ! ಸೀನ್ ಅಂದರೆ ಚಂದ್ರದೇವರು, ಅಹ್ಹೇ ಅಂದರೆ ಅಣ್ಣತಮ್ಮಂದಿರು, ಎರೀಬ ಅಂದರೆ ತುಂಬಿಕೊಟ್ಟ. ತೀರಿಹೋದ ಅಣ್ಣಂದಿರ ಜಾಗವನ್ನು ಚಂದ್ರದೇವರು ಈ ಮಗುವಿನಿಂದ ತುಂಬಿಕೊಟ್ಟ ಅಂತ. ಅವನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿದಿರಲಿಲ್ಲ. ನಮ್ಮ ಕಡೆ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಯ್ಯ ಅಂತ ಕರೆಯುತ್ತಿದ್ದರಲ್ಲ, ಆ ಸಂಕಟವೇ ಇದು. ಅವರು ದೇವರಿಗೆ ಲೆಕ್ಕ ಒಪ್ಪಿಸಿದರು, ನಾವು ಯಮನ ಕಣ್ಣು ತಪ್ಪಿಸಿದೆವು, ಅಷ್ಟೇ ವ್ಯತ್ಯಾಸ.

ಅರ್ಥ ಸಿಕ್ಕಿದ ಮೇಲೆ ಕಲಿಯೋದು ಸಲೀಸಾಯಿತು. ಮೂರು ತುಂಡು ಮಾಡಿ ಕೊನೆಯಿಂದ ಹೇಳಿದೆ: ಮೊದಲು ಎರೀಬ, ಆಮೇಲೆ ಅಹ್ಹೇ-ಎರೀಬ, ಕೊನೆಗೆ ಸೀನ್ ಸೇರಿಸಿದೆ. ಒತ್ತಕ್ಷರ, ದೀರ್ಘ ನಮಗೆ ಕಷ್ಟವಲ್ಲ, ಹಾಗಾಗಿ ಇಂಗ್ಲಿಷಿನವರಿಗಿಂತ ನಾವೇ ಮೇಲು. ನನಗೆ ತೊಡಕಾದದ್ದು ಎರಡೇ. ‘ಎ’ ಪದದ ಮೊದಲಿಗೆ ಬಂದರೆ ನಮ್ಮ ಬಾಯಲ್ಲಿ ‘ಯೆ’ ಆಗಿಬಿಡುತ್ತೆ, ‘ಯೆರೀಬ’ ಅನ್ನಬಾರದು. ಇನ್ನೊಂದು ಆ ‘ಹ್ಹ’. ಅದು ನಮ್ಮ ಮೆತ್ತಗಿನ ಹಕಾರ ಅಲ್ಲ, ಉರ್ದು ಮಾತಾಡುವವರು ‘ಖಬರ್’ ಅನ್ನುವಾಗ ಗಂಟಲಲ್ಲಿ ಕೆರೆದಂತೆ ಬರುತ್ತಲ್ಲ, ಆ ಸದ್ದು. ಹಾಲನ್ನು ಆಲು ಅನ್ನುವ ನನ್ನಂಥವನಿಗೆ ಇದಕ್ಕೇ ಜಾಸ್ತಿ ದಿನ ಹಿಡಿಯಿತು.

ಈಗ ನಮ್ಮ ಬೈಬಲಿನ ರೂಪ ನೋಡಿ: ಸನ್-ಹೇ-ರೀಬ. ಮೂರು ತುಂಡೂ ಇವೆ, ಹೇ, ರೀ ಎರಡೂ ದೀರ್ಘವಾಗಿಯೇ ಉಳಿದಿವೆ. ಇದು ಹೀಬ್ರೂ ರೂಪದ ಜಾಡಿನಲ್ಲಿದೆ. ಇಂಗ್ಲಿಷಿಗೆ ಗ್ರೀಕ್, ಲ್ಯಾಟಿನ್ ಸುತ್ತಿ ಬರುವಷ್ಟರಲ್ಲಿ ಹಕಾರ ಕಕಾರವಾಗಿ, ಆ ಹುಡುಗ ಹೇಳಿದ ‘ಸೆನ್ಯಾಕರಿಬ್’ ಆಗಿದೆ. ‘ಸ’ವನ್ನೂ ಜಾಸ್ತಿ ನಂಬಬೇಡಿ, ಅಸ್ಸೀರಿಯದವರ ಬಾಯಲ್ಲಿ ಸ, ಶ ಅದಲುಬದಲಾಗುತ್ತಿದ್ದವು. ಈಜಿಪ್ಟಿನ ಎಲಿಫೆಂಟೈನ್ ದ್ವೀಪದಲ್ಲಿ ಸಿಕ್ಕ, ಅರಾಮಿಕ್ ಅನ್ನೋ ಹಳೇ ಭಾಷೆಯ ಬರಹದಲ್ಲಿ ಇವನ ಹೆಸರು ಶಕಾರದಿಂದಲೇ ಶುರುವಾಗುತ್ತೆ.

ನನಗೆ ತುಂಬಾ ಖುಷಿ ಕೊಟ್ಟದ್ದು ಆ ಹೆಸರನ್ನು ಬರೆಯುವ ರೀತಿ. ಕ್ರಿ.ಪೂ. 701ರಲ್ಲಿ ಅವನು ಯೆಹೂದದ ಲಾಕೀಷ್ ಊರನ್ನು ಗೆದ್ದ ಕೆತ್ತನೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಸಿಂಹಾಸನದ ಮೇಲೆ ಕೂತ ಅವನ ಮುಂದೆ ನಾಲ್ಕು ಸಾಲಿನ ಬರಹ, ಮೊದಲಿಗೇ ಹೆಸರು. ಫೋಟೋ ದೊಡ್ಡದು ಮಾಡಿ ನೋಡಿದೆ. ಗಂಡಸಿನ ಹೆಸರು ಅನ್ನೋಕೆ ಒಂದು ನೆಟ್ಟ ಗೀಟು, ದೇವರು ಅನ್ನೋಕೆ ಒಂದು ಗುರುತು, ಆಮೇಲೆ ‘30’ ಅನ್ನೋ ಅಂಕಿ! ತಿಂಗಳಿಗೆ 30 ದಿನ, ಅದಕ್ಕೇ ಚಂದ್ರದೇವರ ಅಂಕಿ 30. ನಾವು ‘ರೂ.’ ಅಂತ ಬರೆದು ರೂಪಾಯಿ ಅಂತ ಓದುವ ಹಾಗೆ ಅವರು 30 ಬರೆದು ಸೀನ್ ಅಂತ ಓದುತ್ತಿದ್ದರು.

ಮುಂದಿನ ಸರದಿಯಲ್ಲಿ 19ನೇ ಅಧ್ಯಾಯ ಬಂತು. ಸನ್ಹೇರೀಬನನ್ನು ಗಟ್ಟಿಯಾಗಿ, ನಿಲ್ಲದೆ ಓದಿದೆ. ಆ ಹುಡುಗ ತಲೆ ಎತ್ತಿ ನೋಡಿದ. ಕೊನೆಯ ವಚನದಲ್ಲಿ ಸನ್ಹೇರೀಬನನ್ನು ಕೊಂದ ಅವನ ಮಗ ಅದ್ರಮ್ಮೆಲೆಕ್ ಎದುರಾದ, ಅಲ್ಲಿ ಮತ್ತೆ ಮುಗ್ಗರಿಸಿದೆ.